ಅಸ್ತರ

ಆಲ್ದೋಣಾದ ಈ ಮನಿಯೊಳಗ
ಮಳಿಗಾಲಕ್ಕ ಬಾಗಲಾ ಉಬ್ಬತಾವ,
ಉಪ್ಪು ನೀರಾಗತದ, ಕಬ್ಬಣ ಬೆವರತದ.
ಬೆವರು ಒರಸೂದು ನನ್ನ ಕೆಲಸ.

ಖಡ್ಗದ ಹತ್ರ ಬಾಯಿ ತಗೀಬ್ಯಾಡ,
ಉಸಿರು ತಾಗಿದರೂ ತುಕ್ಕು, ಅಂತಾಳ ಕೂವಬಾರಾ ಅಮ್ಮ.
ನಮ್ಮಪ್ಪ ಕಂಬಾರ. ಕುಡಗೋಲಿಗೆ ನೀರು ಕುಡಿಸೋವಾಗ
ಅವನೂ ನಮಗ ಮಾತಾಡಗೊಡತಿದ್ದಿಲ್ಲ.
ಇದನ್ನ ಆಕೀಗೆ ಹೇಳಿಲ್ಲ ನಾ.
ನಮ್ಮಿಬ್ಬರ ನಡುವಿನ ಕೊಂಕಣಿ
ಅಷ್ಟು ಉದ್ದ ಇಲ್ಲ.

ಸಮುರಾಯಿ ಮನೆತನದ ಮ್ಯೂಸಿಯಂ, ಐತವಾರ ಮಾತ್ರ.
ಬಂದ ಮಂದಿ ಕೋಡಿನ ಟೊಪ್ಪಿಗಿ ಮುಂದ ನಿಂತು
ಫೋಟೋ ಹೊಡಕೋತಾರ.
ಎಷ್ಟು ತಲಿ ಹಾರಿಸೇದ ಇದು, ಅಂತ ಒಬ್ಬಾಂವ ಕೇಳಿದ.
ಅಮ್ಮ ನಕ್ಕಳು, ಲೆಕ್ಕ ಕೊಡಲಿಲ್ಲ.
ಹದಿನಾಲ್ಕು ತಲಿಮಾರಿನ ಹೆಸರು
ಗ್ವಾಡಿ ಮ್ಯಾಲೆ ಕರೇ ಮಸಿಯೊಳಗ ಇಳಕೋತ ಬಂದಾವ,
ಕಡೀಕ ಆಕೀದೊಂದ.
ಅದರ ಕೆಳಗ ಬರೇ ಸುಣ್ಣ.
ಅಲ್ಲೇ ನಾ ಕಸಬರಿಗಿ ಆನಿಸಿ ಇಡತೀನಿ.

ಜುಲೈದಾಗ ಕವಚ ಬಿಚ್ಚಿ ಹರವಿದ್ವಿ.
ಹೊರಗ ಅರಗಿನ ಹೊಳಪು, ನೀಲಿ ಲಾಡಿ,
ಒಳಮಗ್ಗಲ ಮಾಡಿದರ ಅರಿವಿ!
ಸೆಣಬಿನ ಹಳೇ ಅರಿವಿ,
ಕುತಗಿ ಹತ್ರ ಯಾವನದೋ ಬೆವರಿನ ಕಲಿ,
ಮ್ಯಾಲೊಂದು ತ್ಯಾಪಿ, ತ್ಯಾಪಿಗೊಂದು ತ್ಯಾಪಿ.
ಮೊದಲ ಹತ್ತು ಹೊಲಗಿ ಅಕ್ಕಿಕಾಳಿನಂಗ ಸಣ್ಣು,
ಆಮ್ಯಾಲ ಉದ್ದುದ್ದ, ವಾರಿ ವಾರಿ,
ಅಂಗಳದಾಗ ಕುದರಿ ತಯಾರ ನಿಂತಂಗ.
ಹೊಲದಾಕಿ ಹೆಸರು ಗ್ವಾಡಿ ಮ್ಯಾಲೆ ಅದನೋ ಇಲ್ಲೋ,
ಆ ಲಿಪಿ ನನಗ ಬರಂಗಿಲ್ಲ.

ಬಗಲಾಗ ದಾರ ಹರದಿತ್ತು.
ಅಮ್ಮ ಸೂಜಿ ಹಿಡದಳು, ಮೂರು ಸಲ ಪೋಣಿಸಿ ತಪ್ಪಿದಳು,
ಸೂಜಿ ನನ್ನ ಅಂಗೈಯಾಗ ಇಟ್ಟು
ಸಿಂಪಿನ ಕಿಡಕಿ ತಗದು
ಮಳಿ ನೋಡಕೋತ ಕುಂತಳು.

ಕೌದಿ ಹಸದಿರಬಾರದು ಅಂತ
ನಮ್ಮವ್ವ ಮೂಲ್ಯಾಗ ನಾಕು ಕಾಳು ಜ್ವಾಳ ಇಟ್ಟು ಹೊಲೀತಿದ್ದಳು.
ಮುಂಜಾನೆ ಹಸನ ಮಾಡಿದ್ದರೊಳಗ
ಒಂದ ಕಾಳು ನನ್ನ ಸೆರಗಿಗೆ ಸಿಕ್ಕಿತ್ತು.
ತ್ಯಾಪಿ ಒಳಗ ಸರಿಸಿ
ಹೊಲದ ಬಿಟ್ಟೆ.

ಸಂಜೀಕ ಅಮ್ಮ ದಫ್ತರದಾಗ ಏನೋ ಬರದಳು,
ಎರಡ ಸಾಲು, ಮ್ಯಾಲಿಂದ ಕೆಳಗ.
ಏನಂತ ಕೇಳಲಿಲ್ಲ ನಾ,
ಕೈ ಇನ್ನೂ ನಡಗತಿತ್ತು.

ಈಗ ದಿನಾ ಗಾಜು ಒರಸೋವಾಗ
ಆ ಬಗಲ ಕಡೆ ನೋಡತೀನಿ,
ನುಸಿ ಹಿಡದೀತು ಅಂತ.
ಡಾಂಬರ ಗುಳಿಗಿ ಒಂದು ಹೆಚ್ಚಿಗೀನ ಇಟ್ಟೀನಿ.