ಆಷಾಢದಲ್ಲಿ ಛತ್ರ ಅಗ್ಗ

ಆಷಾಢದಲ್ಲಿ ಛತ್ರ ಅಗ್ಗ.
ಹಾಗಾಗಿಯೇ ಮಂಡ್ಯದಾಚೆ, ಗದ್ದೆ ಬಯಲಿನ ನಡುವೆ,
ಮೂರು ತಿಂಗಳು ಓಲಗ ಊದಿಸಿಕೊಂಡು ಸುಸ್ತಾದ ಕಲ್ಯಾಣಮಂಟಪದಲ್ಲಿ
ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ಮೆಟಲ್.
ಹದಿಮೂರು ಬ್ಯಾಂಡು, ಒಂದೇ ಡ್ರಮ್ ಸೆಟ್ಟು.
ಕಮಾನಿನ ಮೇಲೆ ಯಾರೂ ಕೀಳದ ಥರ್ಮಾಕೋಲ್ ಅಕ್ಷರ:
ತೇಜಾವತಿ ವೆಡ್ಸ್. ಗಂಡಿನ ಹೆಸರು ಉದುರಿದೆ.

ಮೈಸೂರಿಂದ ಪ್ಯಾಸೆಂಜರಿನಲ್ಲಿ ಬಂದೆ,
ನಲವತ್ತಾರು ವರ್ಷ, ಕರಿ ಟೀಶರ್ಟು,
ಕುತ್ತಿಗೆಗೆ ಡಾಕ್ಟರು ಕೊಟ್ಟ ಪಟ್ಟಿ.
ಎದುರು ಸೀಟಿನ ಅಜ್ಜಿ ಕಣ್ಣು ಕಿರಿದು ಮಾಡಿ,
"ಮಾಲೆ ಹಾಕ್ಕಂಡಿದ್ದೀಯಾ ಮಗ? ಆಷಾಡದಲ್ಲಾ?"
ಹೂಂ ಅಂದೆ.
ಇನ್ನೇನು ಹೇಳಲಿ.

ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು ಛತ್ರದ ಬೋರೇಗೌಡರು:
"ಏನಾರ ಕಿರುಚ್ಕಳಿ, ನಂಗೇನಿಲ್ಲ.
ದಾರೆ ಎರೆಯೋ ಜಾಗ ಕನ್ರಪ್ಪ. ಮೆಟ್ಟು ಆಚೆಗೆ ಬುಡಿ."
ಬಿಟ್ಟೆವು.
ಮುನ್ನೂರು ಜೊತೆ ಬೂಟು, ಎಲ್ಲವೂ ಕರಿ, ಎಲ್ಲವೂ ಲೇಸಿನವು,
ತುಳಸಿಕಟ್ಟೆ ಸುತ್ತ ಎಮ್ಮೆಗರುಗಳ ಹಾಗೆ ಮಲಗಿದವು.

ಮೊದಲ ಬ್ಯಾಂಡು ಮದ್ದೂರಿನದು.
ಹಾಡುವವನು ಮೆಡಿಕಲ್ ಸ್ಟೋರಿನ ಹುಡುಗ,
ನಾಚಿಕೊಂಡೇ "ಎಲ್ಲರಿಗೂ ನಮಸ್ಕಾರ" ಅಂದ,
ಆಮೇಲೆ ಹೊಟ್ಟೆಯ ತಳದಿಂದ ಗುಟುರು ಹಾಕಿದ.
ಒಂದು ಪದವೂ ತಿಳಿಯಲಿಲ್ಲ.
ಇದೇ ಜಾಗದಲ್ಲಿ ಮಂತ್ರ ಮಾತ್ರ ಯಾರಿಗೆ ತಿಳಿದಿತ್ತು?
ಜೋಡಿ ಪೆಡಲಿನ ಹೊಡೆತ ನೆಲದಿಂದೆದ್ದು
ಅಂಗಾಲಿಗೆ, ಮೀನಖಂಡಕ್ಕೆ, ಮಂಡಿಯ ಚಿಪ್ಪಿಗೆ ಹತ್ತಿತು.
ಇಪ್ಪತ್ತೇಳು ವರ್ಷದಿಂದ ಕೇಳುತ್ತಿದ್ದೇನೆ.
ಕಾಲಿನಿಂದ ಕೇಳಿದ್ದು ಇದೇ ಮೊದಲು.

ಒಂದು ಗಂಟೆಗೆ ಪಂಕ್ತಿ.
ಬಾಳೆಲೆ, ಮುದ್ದೆ, ಬಸ್ಸಾರು.
ಸಾರಿಗೆ ಅದ್ದದ ಹಾಗೆ ಉದ್ದ ಕೂದಲೆಲ್ಲ ಮೇಲಕ್ಕೆ ಗಂಟು.
ಬಡಿಸುವ ಸಾಕಮ್ಮ ಹಿಂದಿನಿಂದ ಬಂದು
"ನಾಚ್ಕೋಬ್ಯಾಡ ಕನವ್ವ" ಅಂತ ಇನ್ನೊಂದು ಮುದ್ದೆ ಇಟ್ಟಳು.
ಅವ್ವ ತಲೆಯೆತ್ತಿದರೆ, ಎದೆವರೆಗೆ ಗಡ್ಡ.
ಸೌಟು ಹಿಡಿದೇ ಕೂತುಬಿಟ್ಟಳು ನಕ್ಕು.

ಮುದ್ದೆ ಕರಗುವ ಮುಂಚೆಯೇ ಸುಳಿ ಎದ್ದಿತು.
ಸುತ್ತು, ಸುತ್ತು, ಮೊಣಕೈ, ಬೆವರು, ಯಾರದೋ ಜಡೆ ಬಾಯಿಗೆ.
ಬಿದ್ದೆ.
ಎಷ್ಟು ಕೈ!
ಕಂಕುಳಿಗೆ, ಸೊಂಟಕ್ಕೆ, ಹಿಂಗತ್ತಿಗೆ.
ಎತ್ತಿ ನಿಲ್ಲಿಸಿ, ಕುತ್ತಿಗೆ ಪಟ್ಟಿ ಸರಿಮಾಡಿ,
ಕನ್ನಡಕ ಒರೆಸಿ ಮೂಗಿಗೇರಿಸಿ,
ಮತ್ತೆ ತಳ್ಳಿದರು.

ಬರಿಗಾಲಲ್ಲವೇ, ಕಂಡಿತು:
ಆ ಬದಿಯ ಹುಡುಗಿಯ ಬೆರಳಲ್ಲಿ ಹೊಚ್ಚ ಹೊಸ ಕಾಲುಂಗುರ.
ಆಷಾಢಕ್ಕೆ ತವರಿಗೆ ಬಂದವಳು.
ಈ ಬದಿಯಲ್ಲಿ ಒಬ್ಬ,
ಅತ್ತೆಯ ಹೊಸಿಲು ತುಳಿಯಬಾರದವನು.
ಹೊಸಿಲು ತುಳಿಯಬಾರದು, ಸರಿ.
ಸುಳಿಯಲ್ಲಿ ಡಿಕ್ಕಿ ಹೊಡೆಯಬಾರದು ಅಂತ
ಯಾವ ಹಿರಿಯರೂ ಹೇಳಿಲ್ಲ.
ಭುಜಕ್ಕೆ ಭುಜ ಬಡಿದು ಸಿಡಿದರು,
ಸಿಡಿದು ಮತ್ತೆ ಬಡಿದರು.
ಹೇಗೋ ಎಲ್ಲರಿಗೂ ತಿಳಿಯಿತು.
ಯಾರೂ ಏನೂ ಅನ್ನಲಿಲ್ಲ, ನಡುವೆ
ಎರಡು ಚಾಪೆ ಹಾಸುವಷ್ಟು ಜಾಗ ಬಿಟ್ಟುಕೊಂಡು
ಸುತ್ತುತ್ತಲೇ ಇದ್ದೆವು.

ಆರೂವರೆಗೆ ಕರೆಂಟು ಹೋಯಿತು.
ಅಷ್ಟು ಹೊತ್ತು ಗುಡ್ಡ ಉರುಳಿಸಿದ ಗಿಟಾರುಗಳು
ಬೆಂಕಿಪೊಟ್ಟಣದ ಜೀರುಂಡೆಯಂತೆ ಕಿರ್ರೆಂದವು.
ಡ್ರಮ್ಮಿನವನು ಮಾತ್ರ ನಿಲ್ಲಿಸಲಿಲ್ಲ.
ಹೊರಗೆ, ನಿನ್ನೆಯಷ್ಟೇ ನಾಲೆ ನೀರು ಬಂದ ಗದ್ದೆಯಲ್ಲಿ
ಕಪ್ಪೆಗಳು ಅವನ ಜೊತೆ ಹಿಡಿದವು.
ಬೋರೇಗೌಡರು ಕತ್ತಲಲ್ಲಿ ಎದ್ದು ನಿಂತಿದ್ದರು.
ಅವರ ಹೆಬ್ಬೆರಳು ಕುರ್ಚಿಯ ಬೆನ್ನಿಗೆ ತಾಳ ಹಾಕುತ್ತಿತ್ತು.
ಹೇಳಿದರೆ ಒಪ್ಪುವುದಿಲ್ಲ.

ಕೊನೆಯ ರೈಲಿಗೆ ಓಡುವ ಹೊತ್ತು.
ಮುನ್ನೂರು ಜನ ಮೊಬೈಲ್ ಬೆಳಕಲ್ಲಿ ಬಗ್ಗಿ
ಮುನ್ನೂರು ಜೊತೆ ಕರಿ ಬೂಟು ಕೆದಕಿದೆವು.

ಈಗ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತಿದ್ದೇನೆ.
ಹೆಂಡತಿ ಫೋನಿನಲ್ಲಿ ಏನೋ ಕೇಳುತ್ತಿದ್ದಾಳೆ,
ಕಿವಿಯ ತುಂಬ ಬರೀ ಗುಂಯ್,
ಎಲ್ಲಕ್ಕೂ ಹೂಂ ಅನ್ನುತ್ತಿದ್ದೇನೆ.
ಬಲಗಾಲಿನ ಬೂಟು ನನ್ನದೇ.
ಎಡದ್ದು ಅಲ್ಲ. ಅರ್ಧ ಅಳತೆ ದೊಡ್ಡದು,
ಒಳಗೆ ಇನ್ನೂ ಬೆಚ್ಚಗಿದೆ.