ನಾಲ್ಕು ಬಿಡು

ಮಾರ್ಚಿನಲ್ಲೇ ಹೋಗಬೇಕು,
ಸರೋವರ ಇನ್ನೂ ರಸ್ತೆಯಾಗಿರುವಾಗ.
ಜಾರುಬಂಡಿಯ ಮೇಲೆ ಏಣಿ, ಸುತ್ತಿಗೆ, ತಗಡು,
ಒಂದು ಚೀಲ ಮರದ ಹೊಟ್ಟು,
ಆರು ಪೆಟ್ಟಿಗೆ.
ಹಗ್ಗ ನನ್ನ ಸೊಂಟಕ್ಕೆ.
ಹಿಂದಿನಿಂದ ತಳ್ಳುವವನು ಪಕ್ಕದ ಮನೆಯ ಓತ್ಸೊ,
ಹದಿಮೂರು ವರ್ಷ, ಮಾತು ಕಡಿಮೆ, ಪ್ರಶ್ನೆ ಜಾಸ್ತಿ.

"ಈ ಹಕ್ಕಿಗೆ ಗೂಡು ಕಟ್ಟಲು ಬರುವುದಿಲ್ಲವೇ?"
ಬರುವುದಿಲ್ಲ ಕಣೋ.
ಹೊಂಗಣ್ಣು ಬಾತಿಗೆ ಕೊಕ್ಕಿದೆ, ಉಳಿಯಿಲ್ಲ.
ಒಂದು ಕಡ್ಡಿಯನ್ನೂ ಹೊತ್ತು ತರುವುದಿಲ್ಲ ಅದು,
ತನ್ನೆದೆಯ ತುಪ್ಪಳವಷ್ಟೇ ಅದರ ಹಾಸಿಗೆ.
ಕರಿ ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಗೆ
ಒಕ್ಕಲು ಬರುವ ಜಾತಿ.

"ಹಾಗಾದರೆ ಪೊಟರೆಗಳೆಲ್ಲ ಎಲ್ಲಿ ಹೋದವು?"

ನಾನು ಹಗ್ಗ ಸರಿಮಾಡಿಕೊಂಡೆ.

ಮೂವತ್ತೊಂದು ವರ್ಷ ಗರಗಸದ ಕಾರ್ಖಾನೆಯಲ್ಲಿ
ದಿಮ್ಮಿಗಳಿಗೆ ದರ್ಜೆ ಹಾಕುವುದು ನನ್ನ ಕೆಲಸ.
ಮುದಿ ಆಸ್ಪೆನ್ ಬಂದರೆ ಗೆಣ್ಣಿನಿಂದ ತಟ್ಟುತ್ತಿದ್ದೆ,
ಮಡಕೆ ಕೊಳ್ಳುವವರ ಹಾಗೆ.
ಟೊಳ್ಳು ಸದ್ದಿಗೆ ಸೀಮೆಸುಣ್ಣದ ಒಂದು ಗೀಟು:
ಒಲೆಗೆ.
ಒಮ್ಮೆ ಸೀಳಿದ ದಿಮ್ಮಿಯ ಹೊಟ್ಟೆಯಲ್ಲಿ
ಬೂದುಬಿಳಿ ತುಪ್ಪಳ, ಹಸಿರು ಚಿಪ್ಪಿನ ಚೂರು.
ಯಂತ್ರ ನಿಲ್ಲಿಸಲಿಲ್ಲ.
ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು.

ಹಾಗಂತ ಪೆಟ್ಟಿಗೆ ನನ್ನ ಪಶ್ಚಾತ್ತಾಪ ಹೆತ್ತದ್ದಲ್ಲ.
ಅದು ನನ್ನಜ್ಜಿ ಇಂಪಿಯ ಕಾಲದ್ದು, ಅವಳಜ್ಜಿಯ ಕಾಲದ್ದು.
ದಿಮ್ಮಿಯ ತಿರುಳು ತೋಡಿ, ತಳ ಮುಚ್ಚಿ, ತೂತು ಕೊರೆದು
ದಡದ ಪೈನಿಗೆ ಕಟ್ಟುವರು.
ಊತ್ತು ಅಂತ ಅದರ ಹೆಸರು.
ಕರುಣೆಗಲ್ಲ ಕಟ್ಟಿದ್ದು, ಮೊಟ್ಟೆಗೆ.
ಹಿಟ್ಟಿಗೆ ತೊಗಟೆ ಬೆರೆಸಿ ಉಂಡ ಅವಳ ಬಾಲ್ಯ
ನನ್ನ ಕಾಲಕ್ಕೂ ಅವಳ ಬೆರಳುಗಳಲ್ಲಿ ಉಳಿದಿತ್ತು.
ಹಕ್ಕಿ ನೀರಿಗಿಳಿದ ಹೊತ್ತು ನೋಡಿ ಏಣಿ ಹತ್ತುವಳು,
ಮೊಳಕೈವರೆಗೆ ತೋಳು ಕತ್ತಲೊಳಗೆ;
ಕೆಳಗೆ ಬುಟ್ಟಿ ಹಿಡಿದು ನಾನು.
ಒಂದೊಂದೇ ಇಳಿದು ಬರುವ ಬೆಚ್ಚನೆ ಹಸಿರು.
"ನಾಲ್ಕು ಬಿಡು" ಅನ್ನುವಳು ತನಗೆ ತಾನೇ, ಪ್ರತಿ ಸಲ,
ಕೈ ಎಲ್ಲಿ ತನ್ನ ಮಾತು ಕೇಳದೋ ಎಂಬಂತೆ.
ನಾಲ್ಕು ಬಿಟ್ಟರೆ ಹಕ್ಕಿಗೆ ಕಳವು ಲೆಕ್ಕಕ್ಕೆ ಬರುವುದಿಲ್ಲ,
ಮತ್ತೆ ಇಡುತ್ತದೆ.
ಐದನೆಯದೂ ಬೇಕೆಂದು ಒಮ್ಮೆ ನಾನು ಅತ್ತೆ.
ಅಜ್ಜಿ ಇಳಿದು ಬಂದು ಮೂಗು ಒರೆಸಿದಳು.
ಮೊಟ್ಟೆ ಕೊಡಲಿಲ್ಲ.

ಓತ್ಸೊ ಕಾಂಡಕ್ಕೆ ತಗಡು ಸುತ್ತುತ್ತಾನೆ,
ಮರನಾಯಿಯ ಉಗುರು ಜಾರಲೆಂದು.
ಹಲಗೆಗಳು ಕಾರ್ಖಾನೆಯ ತಿರಸ್ಕೃತ ರಾಶಿಯವು,
ಕೆಲವದರ ಮೇಲೆ ಇನ್ನೂ ನನ್ನದೇ ಗೀಟು.
ಅದನ್ನು ಒಳಮುಖಕ್ಕೆ ತಿರುಗಿಸಿ ಮೊಳೆ ಹೊಡೆದಿದ್ದೇನೆ.
ಓದಲಿ, ಓದುವ ಹಕ್ಕಿಯಿದ್ದರೆ.

ಮೇ ತಿಂಗಳು. ರಸ್ತೆ ಕರಗಿ ಮತ್ತೆ ನೀರು.
ದೋಣಿ ಕಟ್ಟಿ ಓತ್ಸೊ ಹತ್ತಿದ; ನನ್ನ ಮಂಡಿ ಈಗ ನೆಲದ ಪಕ್ಷ.
ಹಕ್ಕಿ ದೂರದಲ್ಲಿ ಮುಳುಗಿ ಏಳುತ್ತಿತ್ತು.
ಅವನ ತೋಳು ತೂತಿನೊಳಗೆ ಹೋದದ್ದೇ
ಮುಖ ಬದಲಾಯಿತು.
"ಒಂಬತ್ತು," ಅಂದ ಪಿಸುದನಿಯಲ್ಲಿ, "ಬಿಸಿ ಇವೆ."

"ನಾಲ್ಕು ಬಿಡು," ಅಂದಿತು ನನ್ನ ಬಾಯಿ.

ಮೇಲಿನಿಂದ ಹುಡುಗ ನನ್ನನ್ನೇ ನೋಡಿದ.
"ಉಳಿದ ಐದು ಯಾರಿಗೆ?"
ಸೊಳ್ಳೆ ಓಡಿಸುವಂತೆ ಕೈ ಬೀಸಿದೆ. ಇನ್ನೂ ಸೊಳ್ಳೆ ಬಂದಿರಲಿಲ್ಲ.
"ಇಳಿದು ಬಾ, ತಾಯಿ ನೋಡುತ್ತಿದೆ."

ಜೂನಿನ ಒಂದು ಬೆಳಿಗ್ಗೆ ಅವನೇ ಬಂದು ಎಬ್ಬಿಸಿದ.
ಜೊಂಡಿನ ಮರೆಯಲ್ಲಿ ಹುಟ್ಟು ಎತ್ತಿ ಕೂತೆವು.
ತಾಯಿ ನೀರಿನಿಂದ ಕರೆಯಿತು, ಬಾಗಿಲು ಕಿರುಗುಟ್ಟಿದಂತೆ.
ತೂತಿನಲ್ಲಿ ಒಂದು ಕರಿಬಿಳಿ ಮುಖ.
ರೆಕ್ಕೆಯೆಂಬುದಿನ್ನೂ ಬರೀ ವದಂತಿ;
ಆದರೂ ಹಾರಿತು.
ಯಾರೋ ಎಸೆದ ಉಣ್ಣೆಯ ಕೈಗವಸಿನಂತೆ
ಪಾಚಿಯ ಮೇಲೆ ಬಿದ್ದು, ಪುಟಿದು, ನಡೆಯಿತು.
ಮತ್ತೊಂದು. ಮತ್ತೊಂದು.
ಓತ್ಸೊ ಬೆರಳು ಮಡಚುತ್ತಿದ್ದ.
ಎಂಟು.
ತಾಯಿ ಆಗಲೇ ಈಜತೊಡಗಿತ್ತು.
ಒಂಬತ್ತನೆಯದು ತೂತಿನಲ್ಲಿ ನಿಂತು
ಕೆಳಗೆ ನೋಡುತ್ತಿತ್ತು,
ಹುಡುಗನ ಒಂದು ಬೆರಳು ಮಡಚದೆ ಹಾಗೇ
ಗಾಳಿಯಲ್ಲಿ.