ಇಲ್ಲಿ ಎಲ್ಲರೂ ಕ್ಷೇಮ

ಗದಗಿನ ಶಾಲೆಯಲ್ಲಿ ಪತ್ರ ಬರೆಯಲು ಕಲಿತದ್ದು ಎರಡೇ ಬಗೆ:
ಮನೆಗಾದರೆ, ನಾವೆಲ್ಲ ಇಲ್ಲಿ ಕ್ಷೇಮ;
ಕಚೇರಿಗಾದರೆ, ಮಾನ್ಯರೇ.
ಇಪ್ಪತ್ತೆರಡು ವರ್ಷ ಈ ಟೊಲೀಡೊದಿಂದ
ಮೊದಲನೆಯದನ್ನೇ ಬರೆದೆ, ಆಮೇಲೆ ಫೋನಿನಲ್ಲಿ ಹೇಳಿದೆ.
ಗಾಜಿನ ಕಾರ್ಖಾನೆ ನಮ್ಮನ್ನು ಮನೆಗೆ ಕಳಿಸಿದ ವಾರವೂ
ಕ್ಷೇಮ.
ಶಿವಲೀಲಾಳ ಗರ್ಭಕೋಶ ತೆಗೆದ ದಿನವೂ
ಕ್ಷೇಮ, ಸ್ವಲ್ಪ ಚಳಿ ಜಾಸ್ತಿ.

ಈಗ ಕಾಲೇಜಿನ ಹಣಸಹಾಯದ ಕಚೇರಿ ಕೇಳುತ್ತಿದೆ:
ಕ್ಷೇಮವಿಲ್ಲವೆಂದು ಬರೆದು ಕಳಿಸಿ.
ಒಂದು ಪುಟ ಮೀರಬಾರದು.
ದಾಖಲೆ ಲಗತ್ತಿಸಿ.

ವರ್ಷಕ್ಕೆ ಮೂವತ್ತೊಂದು ಸಾವಿರದ ನಾನೂರು.
ಅವರಾಗಿಯೇ ಬಿಟ್ಟುಕೊಟ್ಟದ್ದು ಹದಿನಾಲ್ಕು ಸಾವಿರ.
ನೀಲಾಂಬಿಕೆ ಹುಟ್ಟಿದ ತಿಂಗಳು ತೆರೆದ ಖಾತೆಯಲ್ಲಿ
ಎರಡು ಸಾವಿರದ ಮುನ್ನೂರ ಹದಿನೆಂಟು.
ತಿಂಗಳಿಗೆ ಇಪ್ಪತ್ತೈದು ಡಾಲರು ಎಂದು ಶುರು ಮಾಡಿದ್ದೆವು;
ತಿಂಗಳುಗಳು ಬಂದವು, ಇಪ್ಪತ್ತೈದು ಬರಲಿಲ್ಲ.
ಹನಿಗೂಡಿದರೆ ಹಳ್ಳ ಅನ್ನುತ್ತಾರಲ್ಲ,
ನಮ್ಮ ಹನಿ ಬಿದ್ದದ್ದು ಕಾದ ಹಂಚಿನ ಮೇಲೆ.

ಅಡುಗೆಮನೆಯ ಮೇಜು. ಮಾರ್ಚ್. ಕಿಟಕಿಯಾಚೆ
ಕಪ್ಪಿಟ್ಟ ಹಿಮದ ಕೊನೆಯ ಗುಪ್ಪೆ.
ನನ್ನ ಇಂಗ್ಲಿಷನ್ನು ನೀಲಾ ತಿದ್ದುತ್ತಾಳೆ,
ಐಸ್‌ಕ್ರೀಮ್ ಅಂಗಡಿಯ ಏಪ್ರನ್ ಇನ್ನೂ ಬಿಚ್ಚಿಲ್ಲ,
ಮೊಣಕೈಗೆ ಒಣಗಿದ ಸ್ಟ್ರಾಬೆರಿ.
ಬೇಡುವ ಕ್ರಿಯಾಪದ ತೆಗೆದು
ಕೇಳುವ ಕ್ರಿಯಾಪದ ಇಟ್ಟಳು.
ದಯವಿಟ್ಟು ಎಂಬುದು ಮೂರು ಸಲ ಇತ್ತು,
ಎರಡನ್ನು ಹೊಡೆದು ಹಾಕಿದಳು; ಉಳಿದದ್ದನ್ನು
ಒಂದಿಷ್ಟು ಹೊತ್ತು ನೋಡಿ, ಇರಲಿ ಅಂದಳು.

ಹಣ ಎಲ್ಲಿ ಹೋಯಿತೆಂದು ಪಟ್ಟಿ ಮಾಡಿದ್ದೆ.
ಕೆಲಸವಿಲ್ಲದ ಏಳು ತಿಂಗಳು.
ಕಾರಿನ ಗೇರ್‌ಬಾಕ್ಸ್.
ಆಸ್ಪತ್ರೆ, ವಿಮೆಯವರು ಕೈಯೆತ್ತಿದ ಭಾಗ.
ಅವ್ವನ ಮಣ್ಣಿಗೆ ವಿಮಾನದ ಟಿಕೆಟ್, ಒಬ್ಬನಿಗೆ.
(ತಲುಪಿದ್ದು ಮಣ್ಣಾಗಿ ಎರಡು ದಿನಕ್ಕೆ.
ಅದನ್ನು ಬರೆದಿಲ್ಲ, ಅದಕ್ಕೆ ರಸೀದಿ ಇಲ್ಲ.)
ನೀಲಾಳ ಹಲ್ಲಿನ ತಂತಿ, ಮೂರು ಸಾವಿರದ ನೂರು.

ಪೆನ್ನು ಅಲ್ಲಿ ನಿಂತಿತು.
"ಇದು ಬ್ಯಾಡ, ಅಪ್ಪಾ."
ಯಾಕೆ, ಖರ್ಚು ಖರ್ಚೇ ಅಲ್ಲವೇ?
"ನನ್ನ ಹಲ್ಲು ಅವರಿಗ್ಯಾಕೆ ಲೆಕ್ಕ ಕೊಡಬೇಕು?"
ಅಂದವಳು ತುಟಿ ಬಿಡದೆ ನಕ್ಕಳು,
ತಂತಿ ಹಾಕಿಸುವ ಮೊದಲು ನಗುತ್ತಿದ್ದಳಲ್ಲ, ಹಾಗೆ.
ನಾನೇ ಗೆರೆ ಎಳೆದೆ.
ಮೊತ್ತ ಮತ್ತೆ ಕೂಡಿಸಬೇಕಾಯಿತು.

"ಅಳೂ ಕೂಸಿಗೇ ಹಾಲು, ಬರೀರಿ ಸುಮ್ಮನ,"
ಸಿಂಕಿನ ಕಡೆಯಿಂದ ಶಿವಲೀಲಾ.
ತಂದೆತಾಯಿಯ ಹೆಸರಿನ ಸಾಲದ ಅರ್ಜಿ
ಅವಳು ಆಗಲೇ ಓದಿ ಮುಗಿಸಿದ್ದಾಳೆ;
ಕೊನೆಯ ಕಂತಿಗೆ ನನಗೆ ಅರವತ್ತೊಂದು, ಅವಳಿಗೆ ಐವತ್ತೆಂಟು,
ಸೋಪಿನ ಕೈಯಲ್ಲೇ ಬೆರಳೆಣಿಸಿ ಹೇಳಿದ್ದಾಳೆ.
ಎಣಿಸಿದ ಮೇಲೆ ಆ ಪಾತ್ರೆಯನ್ನೇ ಮತ್ತೊಮ್ಮೆ ತಿಕ್ಕಿದ್ದಾಳೆ.

ಸಹಿ ಹಾಕುವ ಹೊತ್ತಿಗೆ ಫೋನು.
ಊರಿನಿಂದ ತಮ್ಮ, ರವಿವಾರದ ಕರೆ, ಎಲ್ಲರಿಗೂ ಕೇಳುವಂತೆ ಇಟ್ಟೆ.
ನೀಲಾಗೆ ಕಾಲೇಜು ಸಿಕ್ತಂತ?
ಸಿಕ್ತು.
ಮತ್ತ? ಎಲ್ಲಾರೂ ಆರಾಮ?
ನಾನು ಬಾಯಿ ತೆರೆಯುವುದರೊಳಗೆ
ಅವಳು, ತನ್ನ ಓಹಾಯೋ ರಾಗದ ಕನ್ನಡದಲ್ಲಿ:
"ಸ್ವಲ್ಪ ತ್ರಾಸ ಐತಿ, ಕಾಕಾ. ಪತ್ರ ಬರೆಯಾಕತ್ತೀವಿ."

ಆ ಕಡೆ ಒಂದು ಬಸ್ಸು ಹಾರ್ನ್ ಹೊಡೆದದ್ದು ಕೇಳಿಸಿತು.
ಯಾರೋ ಬಾಗಿಲು ಹಾಕಿದರು.
"ಹೌದೇನು," ಅಂದ.
ಸುಮಾರು ಹೊತ್ತಿನ ಮೇಲೆ,
"ನಮ್ಮಲ್ಲೂ ಹಂಗ ಐತವಾ."

ಆಮೇಲೆ ನಾವಿಬ್ಬರೂ
ಇಲ್ಲಿನ ಚಳಿ, ಅಲ್ಲಿನ ಬಿಸಿಲು ಮಾತಾಡಿ
ಎಂದಿಗಿಂತ ತಡವಾಗಿ ಇಟ್ಟೆವು.